ಕಣ್ಣು ಮುಚ್ಚಿ ಜಾಹೀರಾತು ನೋಡುತ್ತಿದ್ದವರು

ನನ್ನ ಗೈಡ್‌ಗೆ ಎಡಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಬಲಹುಬ್ಬು ಇನ್ನೂ ಕಪ್ಪಗೇ ಇತ್ತು. ಪರದೆಯ ಮೇಲೆ ಜಾಹೀರಾತು ಶುರುವಾದ ಕೂಡಲೇ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಗ ಆ ಮುಖದಲ್ಲಿ ಎಚ್ಚರವಾಗಿರುತ್ತಿದ್ದದ್ದು ಹುಬ್ಬುಗಳು ಮಾತ್ರ. ಹಾಡು ಹಿಡಿಸಿದರೆ ಕಪ್ಪು ಹುಬ್ಬು ಏರುತ್ತಿತ್ತು. ಎಲ್ಲೋ ಮೋಸ ಕೇಳಿಸಿದರೆ ಬಿಳಿಯದು. ಮೊದಲ ದಿನ ನಾನು ಅವರಿಗೆ ನಿದ್ದೆ ಬಂದಿದೆ ಎಂದುಕೊಂಡು ದನಿ ತಗ್ಗಿಸಿದ್ದೆ.

"ಯಾಕೆ ತಗ್ಗಿಸಿದೆ? ಚಿತ್ರ ಇರುವುದು ದುಡ್ಡು ಕೊಟ್ಟ ಕಂಪನಿಯವನಿಗಾಗಿ. ದನಿ ಇರುವುದು ಅಡುಗೆಮನೆಯಲ್ಲಿ ಟಿ.ವಿ.ಗೆ ಬೆನ್ನು ಹಾಕಿ ನಿಂತವಳಿಗಾಗಿ. ನಾನು ಅವಳ ಜಾಗದಲ್ಲಿ ನಿಂತು ಕೇಳುತ್ತಿದ್ದೇನೆ" ಎಂದರು.

ಅವರು ಜೋರ್ಡಾನ್‌ನವರು. ಹರೆಯದಲ್ಲಿ ಅಮ್ಮಾನ್‌ನ ಒಂದು ಜಾಹೀರಾತು ಕಂಪನಿಯಲ್ಲಿ ತುಪ್ಪಕ್ಕೆ, ಚಹಾಕ್ಕೆ, ಸಾಬೂನಿಗೆ ಹಾಡು ಬರೆಯುತ್ತಿದ್ದರಂತೆ. ಆಮೇಲೆ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಬಂದು, ಇಲ್ಲೇ ಪಾಠ ಹೇಳುತ್ತ, ಅರಬ್ ಸಮಾಜದ ಮಾಧ್ಯಮಗಳ ಬಗ್ಗೆ ಬರೆಯುತ್ತ ತಲೆ ನರೆಸಿಕೊಂಡಿದ್ದರು. ತಾವು ಬರೆದ ತುಪ್ಪದ ಹಾಡಿನ ಬಗ್ಗೆ ಅವರಿಗೆ ನಾಚಿಕೆಯೂ ಇತ್ತು. ಯಾರಾದರೂ ಅದನ್ನು ಗುನುಗಿದರೆ ಸಂತೋಷವೂ ಆಗುತ್ತಿತ್ತು.

ನಾನು ಮಂಗಳೂರಿನ ಬ್ಯಾರಿ ಮನೆಯವಳು. ತಂದೆಯ ಕೆಲಸದಿಂದಾಗಿ ಬಾಲ್ಯದ ಬಹುಪಾಲು ಕಳೆದದ್ದು ಮಸ್ಕತ್‌ನಲ್ಲಿ. ಅರಬ್ಬಿ ಅಲ್ಲಿ ಶಾಲೆಯಲ್ಲಿ ಕಲಿತದ್ದು. 2010ರ ದಶಕದ ನಡುವಿನಲ್ಲಿ, ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪಿಎಚ್‌.ಡಿ.ಗೆಂದು ಲೀಡ್ಸ್‌ಗೆ ಬಂದೆ. ಇಂಗ್ಲೆಂಡಿನಲ್ಲಿ ನೆಲೆಸಿದ ಅರಬ್ ಕುಟುಂಬಗಳು ರಂಜಾನ್ ತಿಂಗಳ ಟಿ.ವಿ. ಜಾಹೀರಾತುಗಳನ್ನು ಹೇಗೆ ನೋಡುತ್ತವೆ ಎಂಬುದು ನನ್ನ ವಿಷಯ. ಮೊದಲ ವರ್ಷದ ಕೊನೆಯಲ್ಲಿ ಒಂದು ಮೌಖಿಕ ಪರೀಕ್ಷೆ ಇರುತ್ತದೆ. ಅದನ್ನು ದಾಟಿದರೆ ಪಿಎಚ್‌.ಡಿ. ಮುಂದುವರಿಯುತ್ತದೆ. ಇಲ್ಲದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ವೀಸಾ ನಿಲ್ಲುತ್ತದೆ, ಊರಿಗೆ ಹೋಗುವುದೇ.

ನಾನು ಅವರನ್ನು "ಸರ್" ಎನ್ನುತ್ತಿದ್ದೆ. "ಸರ್ ಎಂದರೆ ನನಗೆ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವನ ನೆನಪಾಗುತ್ತದೆ. ಬೇರೆ ಏನಾದರೂ ಕರೆ" ಎಂದರು. ನನಗೆ ಬೇರೆ ಏನೂ ಬರಲಿಲ್ಲ. ಕೊನೆಯವರೆಗೂ ಸರ್ ಎಂದೇ ಕರೆದೆ. ಅವರು ನನ್ನನ್ನು "ಬಿಂತಿ", ಅಂದರೆ ಮಗಳೇ, ಎನ್ನುತ್ತಿದ್ದರು.

ಆ ವರ್ಷ ಲೀಡ್ಸ್‌, ಮ್ಯಾಂಚೆಸ್ಟರ್‌ ಎರಡೂ ಕಡೆ ಹಲವು ಮನೆಗಳಿಗೆ ಹೋಗಿ ಮಾತನಾಡಿಸಿದ್ದೆ. ಎಲ್ಲರೂ ಆದರದಿಂದ ಕೂರಿಸಿ, ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಉತ್ತರ ಹೇಳಿದ್ದರು: ಜಾಹೀರಾತು ಬಂದರೆ ನಾವು ಚಾನೆಲ್ ಬದಲಿಸುತ್ತೇವೆ, ಮಕ್ಕಳಿಗೆ ಅದೆಲ್ಲ ಒಳ್ಳೆಯದಲ್ಲ, ರಂಜಾನ್ ಪ್ರಾರ್ಥನೆಯ ತಿಂಗಳು. ಅವನ್ನೆಲ್ಲ ಬರೆದುಕೊಂಡು ಹೋಗಿ ಗೈಡ್ ಮುಂದಿಟ್ಟೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, ಹೇಳಿದ ಮಾತು ಇದು: "ಇವರು ನಿನಗೆ ಉತ್ತರ ಕೊಟ್ಟಿಲ್ಲ ಬಿಂತಿ, ಮರ್ಯಾದೆ ಕೊಟ್ಟಿದ್ದಾರೆ."

ನನಗೆ ಅಳು ಬಂದಿತ್ತು. ಅವರೆದುರು ಅಳಲಿಲ್ಲ.

ಅವರೇ ಒಂದು ಮನೆಗೆ ಫೋನ್ ಮಾಡಿಕೊಟ್ಟರು. ಲೀಡ್ಸ್‌ನ ಹೇರ್‌ಹಿಲ್ಸ್ ಬಡಾವಣೆಯಲ್ಲಿ ಸಾಲುಮನೆಗಳ ನಡುವೆ ಒಂದು ಮನೆ. ಅಲ್ಲಿ ಅಮ್ಮಾನ್‌ನಿಂದ ಬಂದ ಒಬ್ಬ ಅಜ್ಜಿ, ಅವರ ಸೊಸೆ, ಫಾರ್ಮಸಿ ಓದುತ್ತಿದ್ದ ಮೊಮ್ಮಗಳು. ಫೋನ್ ಎತ್ತಿದವಳು ಆ ಮೊಮ್ಮಗಳೇ. ಅಜ್ಜಿಯ ಒಬ್ಬ ಮಗ ಇಲ್ಲೇ ಅಂಗಡಿ ನಡೆಸುತ್ತಿದ್ದ, ದೊಡ್ಡ ಮಗ ಅಮ್ಮಾನ್‌ನಲ್ಲೇ ಉಳಿದಿದ್ದ. ನಾನು ಒಬ್ಬಳೇ ಹೋದೆ. ಸೊಸೆ ಸಣ್ಣ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ತಂದರು. ನಾನು ಅದನ್ನು ತೆಗೆದುಕೊಂಡು ಪಕ್ಕದ ಸ್ಟೂಲಿನ ಮೇಲಿಟ್ಟೆ. ಅದು ನನ್ನ ಉಮ್ಮ ಕಲಿಸಿದ ಶಿಸ್ತು: ಬೇರೆಯವರ ಮನೆಗೆ ಹೋದಾಗ ಕೊಟ್ಟ ಕೂಡಲೇ ಬಾಯಿಗಿಡಬಾರದು, ಬಂದ ಕೆಲಸದ ಮಾತು ಮುಗಿಸಿ ಆಮೇಲೆ ಕುಡಿಯಬೇಕು. ಇಲ್ಲದಿದ್ದರೆ ತಿನ್ನಲು ಕುಡಿಯಲು ಬಂದ ಹಾಗಾಗುತ್ತದೆ.

ಅಜ್ಜಿ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು. "ಕುಡಿ ಮಗಳೇ" ಎಂದರು.

"ಆಮೇಲೆ ಕುಡಿಯುತ್ತೇನೆ."

ಅಜ್ಜಿ ತಲೆಯ ಬಟ್ಟೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಸೊಸೆ ಟಿ.ವಿ. ಆರಿಸಿ ಬಂದು ಪಕ್ಕದಲ್ಲಿ ಕೂತರು.

"ಒಬ್ಬಳೇ ಬಂದೆಯಾ?" ಎಂದರು ಅಜ್ಜಿ. "ದೊಡ್ಡವರು ಯಾರೂ ಬರಲಿಲ್ಲವಾ?"

"ಇಲ್ಲ, ಒಬ್ಬಳೇ."

"ಅಣ್ಣ ತಮ್ಮ ಇದ್ದಾರಾ?"

"ಒಬ್ಬ ಅಣ್ಣ."

"ಏನು ಮಾಡುತ್ತಾನೆ?"

"ಹಲ್ಲಿನ ಡಾಕ್ಟರು."

"ಮಾಶಾ ಅಲ್ಲಾಹ್" ಎಂದರು ಸೊಸೆ. "ಮದುವೆ?"

"ಇನ್ನೂ ಆಗಿಲ್ಲ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನಾನು, ಸದ್ಯ, ಮನೆಯವರು ಇಷ್ಟು ಮನಬಿಚ್ಚಿ ಮಾತನಾಡುತ್ತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತ ರೆಕಾರ್ಡರ್ ಹೊರತೆಗೆದೆ. ಅಷ್ಟರಲ್ಲಿ ಮೊಮ್ಮಗಳು ಮೆಟ್ಟಿಲಿಳಿದು ಬಂದವಳು ಕಪ್ಪು ನೋಡಿ, ಅಜ್ಜಿಯ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು.

"ತೇತಾ! ಇವಳು ಜಾಹೀರಾತಿನ ವಿಷಯ ಕೇಳಲಿಕ್ಕೆ ಬಂದದ್ದು. ನನ್ನನ್ನು ಕೇಳಲಿಕ್ಕಲ್ಲ!" ಎಂದು ಅಜ್ಜಿಗೆ ಹೇಳಿ, ಅಪ್ಪಟ ಲೀಡ್ಸ್ ಇಂಗ್ಲಿಷಿನಲ್ಲಿ ನನ್ನ ಕಡೆ ತಿರುಗಿದಳು. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ ಅದು ಹೀಗಿತ್ತು: "ಕಪ್ಪು ಎತ್ತು ಮಾರಾಯ್ತಿ. ಕುಡಿಯದೆ ಕೆಳಗಿಟ್ಟರೆ ಏನೋ ಬೇಡಲು ಬಂದಿದ್ದೀ ಎಂದರ್ಥ. ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಹೀಗೇ ಮಾಡುವುದು, ಒಪ್ಪುವ ತನಕ ಮುಟ್ಟುವುದಿಲ್ಲ. ಇನ್ನೈದು ನಿಮಿಷ ಬಿಟ್ಟರೆ ನಿನ್ನ ಅಣ್ಣನಿಗೆ ನನ್ನನ್ನು ಕೊಟ್ಟೇಬಿಡುತ್ತಾರೆ."

ನಾನು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು, ಕ್ಷಮೆ ಕೇಳಿ ಎದ್ದು ಬಂದೆ. ಹಿಂದೆ ಬಾಗಿಲು ಮುಚ್ಚಿಕೊಳ್ಳುವಾಗ ಮೂವರೂ ನಗುವುದು ಕೇಳಿಸುತ್ತಿತ್ತು.

ಮರುದಿನ ಗೈಡ್ ಬಳಿ ಹೋಗಿ, ಇನ್ನು ಮನೆಗಳಿಗೆ ಹೋಗುವುದಿಲ್ಲ, ಆನ್‌ಲೈನ್ ಪ್ರಶ್ನಾವಳಿ ಕಳಿಸಿ ಕೆಲಸ ಮುಗಿಸುತ್ತೇನೆ ಎಂದೆ. ನಡೆದದ್ದನ್ನೂ ಹೇಳಬೇಕಾಯಿತು. ನಗುತ್ತಾರೆ ಎಂದು ಹೆದರಿದ್ದೆ. ಅವರು ನಗಲಿಲ್ಲ.

"ಆ ಕಾಫಿಯ ವಿಷಯ ನಾನು ಮೊದಲೇ ಹೇಳಬೇಕಿತ್ತು. ಎದುರಿಗಿಟ್ಟ ಕಾಫಿಯನ್ನು ಕುಡಿಯದೆ ಕೂರುವವರೂ ಇರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಇರಲಿ. ಈಗ ನನ್ನ ಮಾತು ಕೇಳು. ನೀನು ಬಂದಾಗಿನಿಂದ ಯಾರಲ್ಲೂ ಏನನ್ನೂ ಕೇಳಿದವಳಲ್ಲ. ಚಳಿಗಾಲ ಪೂರ್ತಿ ನಿನ್ನ ಕೋಣೆಯ ಹೀಟರ್ ಕೆಟ್ಟಿತ್ತು. ನೀನು ಕೋಟು ಹಾಕಿಕೊಂಡು ಓದಿದೆ, ಆಫೀಸಿಗೆ ಹೇಳಲಿಲ್ಲ. ಆ ಮನೆಗಳಲ್ಲೂ ಹಾಗೇ. ಪ್ರಶ್ನೆ ಕೇಳುತ್ತೀ, ಅವರಿಂದ ಏನೂ ಬೇಡವೆಂಬ ಹಾಗೆ ಕೂರುತ್ತೀ. ಏನೂ ಬೇಡದವಳಿಗೆ ಅವರು ತಾನೇ ಏನು ಕೊಟ್ಟಾರು? ನಿನ್ನೆ ಮೊದಲ ಸಲ, ಗೊತ್ತಿಲ್ಲದೆಯೇ ಆದರೂ, ಒಂದು ಬೇಡಿಕೆ ಇಟ್ಟು ಬಂದಿದ್ದೀ. ಅವರು ಎದ್ದು ಕೂತು ಕೇಳಿದ್ದಾರೆ. ಈಗ ಹೋಗಿ ಅದು ಏನೆಂದು ಹೇಳು."

"ಏನೆಂದು ಹೇಳಲಿ ಸರ್?"

"ನಿನಗೆ ನಿಜವಾಗಿ ಏನು ಬೇಕು?"

"ಅವರ ಜೊತೆ ಕೂತು ಟಿ.ವಿ. ನೋಡಬೇಕು. ಅಷ್ಟೇ."

"ಅಷ್ಟನ್ನೇ ಹೇಳು. ಪ್ರಶ್ನೆಗಳ ಹಾಳೆ ಇಲ್ಲೇ ಬಿಟ್ಟು ಹೋಗು."

ಹೇಳುವುದು ಸುಲಭ. ಬಸ್ಸಿನಿಂದ ಇಳಿದು ಆ ಬೀದಿಯ ಮೂಲೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಬಾಗಿಲು ತೆರೆದದ್ದು ಅಜ್ಜಿಯೇ.

"ಈ ಸಲ ಯಾರಿಗೆ ಹೆಣ್ಣು ಕೇಳಲು ಬಂದೆ?"

"ಹೆಣ್ಣು ಬೇಡ ಅಜ್ಜಿ. ರಂಜಾನ್‌ನಲ್ಲಿ ನಿಮ್ಮ ಜೊತೆ ಕೂತು ಟಿ.ವಿ. ನೋಡಲು ಬಿಡಿ. ಬಿಡದಿದ್ದರೆ ನನ್ನ ಓದು ಇಲ್ಲಿಗೇ ನಿಲ್ಲುತ್ತದೆ."

ನನ್ನ ಬಾಯಿಂದ ಅಂಥ ಮಾತು ಅದುವರೆಗೆ ಬಂದಿರಲಿಲ್ಲ. ಅಜ್ಜಿ ಬಾಗಿಲಿನಿಂದ ಸರಿದು ನಿಂತರು. "ಇಷ್ಟಕ್ಕೇ ಅವತ್ತು ಹಾಗೆ ಮುಖ ಮಾಡಿಕೊಂಡಿದ್ದೆಯಾ? ಬಾ ಒಳಗೆ."

ಆ ವರ್ಷ ರಂಜಾನ್ ನಡುಬೇಸಗೆಯಲ್ಲಿ ಬಂತು. ಲೀಡ್ಸ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತೂವರೆ ದಾಟಿದ ಮೇಲೆ. ಅಮ್ಮಾನ್‌ನಲ್ಲಿ ಉಪವಾಸ ಬಿಡುವ ಹೊತ್ತಿಗೆ ನಮಗೆ ಇನ್ನೂ ಬಿಸಿಲು. ಆದ್ದರಿಂದ ಅಲ್ಲಿಯ ಚಾನೆಲ್‌ಗಳಲ್ಲಿ ಉಪವಾಸ ಮುರಿಯುವ ಗಳಿಗೆಗೆಂದು ಕೂಡಿಸಿಟ್ಟ ಸೂಪು, ಶರಬತ್ತು, ಅನ್ನದ ಜಾಹೀರಾತುಗಳೆಲ್ಲ ಒಣಗಿದ ಬಾಯಲ್ಲಿ ಕೂತ ನಮ್ಮ ಮುಂದೆ ಸಂಜೆಯ ಬೆಳಕಿನಲ್ಲೇ ಬಂದು ಹೋಗುತ್ತಿದ್ದವು. ಮೊಮ್ಮಗಳು ಸೂಪಿನ ಬಟ್ಟಲಿಗೆ ಶಾಪ ಹಾಕುತ್ತಿದ್ದಳು. ಸೊಸೆ "ಈ ಹೆಂಗಸು ಇಷ್ಟು ಅಡುಗೆ ಮಾಡಿಯೂ ಲಿಪ್‌ಸ್ಟಿಕ್ ಹೇಗೆ ಉಳಿಸಿಕೊಂಡಳು?" ಎಂದು ಕೇಳುತ್ತಿದ್ದರು. ಚಾನೆಲ್ ಬದಲಿಸಲು ಮಾತ್ರ ಯಾರಿಗೂ ಅಪ್ಪಣೆ ಇರಲಿಲ್ಲ. ರಿಮೋಟ್ ಅಜ್ಜಿಯ ಮಡಿಲಲ್ಲಿತ್ತು.

ಒಂದು ದಿನ ಕೇಳಿದೆ, "ಅಜ್ಜಿ, ಇಷ್ಟು ಹಸಿವಿನಲ್ಲಿ ಇದನ್ನು ಯಾಕೆ ನೋಡುತ್ತೀರಿ?"

"ಈ ಸೂಪಿನವಳು ಹೋದ ಮೇಲೆ ಒಂದು ಶರಬತ್ತು ಬರುತ್ತದೆ. ಅದು ಮುಗಿದರೆ ಅಲ್ಲಿ ಮಸೀದಿಯ ಬಾಂಗ್. ನನ್ನ ದೊಡ್ಡವನು ಈಗ ಖರ್ಜೂರ ಬಾಯಿಗಿಟ್ಟಿರುತ್ತಾನೆ. ಅವನು ತಿಂದನೆಂದು ಗೊತ್ತಾದರೆ ನಾನು ಇನ್ನಷ್ಟು ಹೊತ್ತು ಹಸಿದು ಕೂರಬಹುದು."

ನಾನು ಓದಿದ ಯಾವ ಪುಸ್ತಕದಲ್ಲೂ ಜಾಹೀರಾತಿಗೆ ಆ ಉಪಯೋಗ ಇರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಗೈಡ್ ಕೋಣೆಯ ಮೂಲೆಯಲ್ಲಿ ಕೂತಿದ್ದರು. ಅವರು ಮಾತನಾಡುವ ಹಾಗಿಲ್ಲ. ಎದುರಿಗೆ ಇಬ್ಬರು ಪರೀಕ್ಷಕರು. ಅವರಲ್ಲಿ ಒಬ್ಬರು, "ಒಂದೇ ಮನೆಯ ಬಗ್ಗೆ ಇಷ್ಟು ಬರೆದಿದ್ದೀರಿ. ಇದರಿಂದ ಏನು ತಿಳಿಯುತ್ತದೆ?" ಎಂದರು. ಗೈಡ್ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು, ನನಗೂ ಅವರಿಗೂ ಪರಿಚಯವೇ ಇಲ್ಲದ ಹಾಗೆ. ಆ ಗಳಿಗೆಯಲ್ಲಿ ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾತು ಶುರುವಾಯಿತು. ಅಮ್ಮಾನ್‌ನ ಹೊತ್ತು, ಲೀಡ್ಸ್‌ನ ಹೊತ್ತು, ನಡುವಿನ ಹಸಿವು, ಜಾಹೀರಾತನ್ನು ಮಗನ ಸುದ್ದಿಯಾಗಿ ಕೇಳುವ ತಾಯಿ, ಎಲ್ಲ ಹೇಳಿದೆ. ನಿಲ್ಲಿಸಿದಾಗ ಪರೀಕ್ಷಕರು ಬರೆದುಕೊಳ್ಳುತ್ತಿದ್ದರು.

ದಾಟಿದೆ. ಹೊರಗೆ ಬಂದಮೇಲೆ ಗೈಡ್ ಹೇಳಿದ್ದು, "ನಾನು ಒಮ್ಮೆ ತಲೆ ಆಡಿಸಿದ್ದರೂ ಆ ಉತ್ತರ ನನ್ನದಾಗುತ್ತಿತ್ತು."

ಪ್ರಬಂಧ ಮುಗಿಸಿ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ವಿಡಿಯೊಗೇಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಅವರ ಆಟಗಳು ಅರಬ್ ಮನೆಗಳಿಗೆ ಒಗ್ಗುತ್ತವೆಯೋ ಇಲ್ಲವೋ ನೋಡುವ ಕೆಲಸ. ಸಂದರ್ಶನದಲ್ಲಿ ನನಗೆ ಬೇಕಾದ ಸಂಬಳವನ್ನು ನಾನೇ ಬಾಯಿಬಿಟ್ಟು ಕೇಳಿದೆ. ಗೈಡ್‌ಗೆ ಅದನ್ನು ಫೋನಿನಲ್ಲಿ ಹೇಳಿದಾಗ ಎಷ್ಟು ಎಂದು ಅವರು ವಿಚಾರಿಸಲಿಲ್ಲ. "ಕೇಳುವಾಗ ದನಿ ನಡುಗಿತಾ?" ಎಂದಷ್ಟೇ ಕೇಳಿದರು. ನಡುಗಿತು ಎಂದೆ. "ಒಳ್ಳೆಯದು. ಮುಂದಿನ ಸಲ ಕಡಿಮೆಯಾಗುತ್ತದೆ."

ಆ ಮುಂದಿನ ಚಳಿಗಾಲದಲ್ಲಿ, ತರಗತಿ ಮುಗಿಸಿ ಮನೆಗೆ ಹೋದ ಗೈಡ್ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ವಿಭಾಗದ ಈಮೇಲ್ ಬಂದಾಗ ನಾನು ಮೀಟಿಂಗ್‌ನಲ್ಲಿದ್ದೆ. ರಜೆ ಕೇಳಿ ರೈಲು ಹತ್ತಿದೆ. ದಫನ ಆಗಲೇ ಮುಗಿದಿತ್ತು. ಮನೆಯಲ್ಲಿ ಹೆಂಗಸರೆಲ್ಲ ಗೋಡೆಗುಂಟ ಕೂತಿದ್ದರು. ಅವರ ಪತ್ನಿಯನ್ನು ನಾನು ಒಂದೆರಡು ಸಲ ಮಾತ್ರ ನೋಡಿದ್ದೆ. ಅವರು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನೀನು ಮಾತೇ ಆಡುವುದಿಲ್ಲ ಎನ್ನುತ್ತಿದ್ದರು. ಇವತ್ತು ಆಡು. ಇವರೆಲ್ಲ ಅವರನ್ನು ಮನೆಯಲ್ಲಿ ಕಂಡವರು. ಕ್ಲಾಸಿನಲ್ಲಿ ಹೇಗಿದ್ದರು ಹೇಳು."

ಕೋಣೆ ತುಂಬ ಅಪರಿಚಿತರು. ನನ್ನ ಅರಬ್ಬಿಯಲ್ಲಿ ನೂರು ತಪ್ಪು. ಆದರೂ ಹೇಳಿದೆ. ತರಕಾರಿ ಹೆಚ್ಚುವ ಒಂದು ಯಂತ್ರದ ಜಾಹೀರಾತನ್ನು ತರಗತಿಯಲ್ಲಿ ಹಾಕಿ, ಅದು ಹೆಂಗಸರನ್ನು ಎಲ್ಲೆಲ್ಲಿ ಯಾಮಾರಿಸುತ್ತದೆ ಎಂದು ಅವರು ಇಡೀ ಗಂಟೆ ಬಿಡಿಸಿ ತೋರಿಸಿದ್ದರು. ಅದೇ ಸಂಜೆ ಪೇಟೆಯಲ್ಲಿ ಅದೇ ಯಂತ್ರದ ಡಬ್ಬಿಯನ್ನು ಕಂಕುಳಲ್ಲಿ ಹಿಡಿದುಕೊಂಡು ನನ್ನೆದುರಿಗೇ ಬಂದರು. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ, "ಅದು ಸುಳ್ಳು ಎಂದೆ ಬಿಂತಿ, ಕೆಟ್ಟ ಸುಳ್ಳು ಎಂದೆನಾ?" ಎಂದು ನಡೆದುಬಿಟ್ಟರು.

ಪತ್ನಿ ಎದೆಗೆ ಕೈಯಿಟ್ಟುಕೊಂಡರು. "ಅಯ್ಯೋ, ಅದು ಬಂದದ್ದು ಹಾಗಾ! ಬಹುಮಾನ ಸಿಕ್ಕಿತು ಎಂದಿದ್ದರು ನನಗೆ. ಇವತ್ತಿನವರೆಗೆ ಒಂದು ಈರುಳ್ಳಿ ಹೆಚ್ಚಿಲ್ಲ ಅದು!"

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಗೋಡೆಗುಂಟ ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಸಾವಿನ ಮನೆಯಲ್ಲಿ ನಗಿಸಿದೆನಲ್ಲ ಎಂದು ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನಿಬ್ಬರು ಹೆಂಗಸರು ಚಪ್ಪಲಿ ಬಿಡುತ್ತಿದ್ದರು. ಪತ್ನಿ ನನ್ನ ಮೊಣಕೈ ತಿವಿದರು.

"ಇವರು ಈಗ ಬಂದರು. ಇವರಿಗೂ ಹೇಳು. ಮೊದಲಿಂದ ಹೇಳು."

ನಾನು ಮೊದಲಿಂದ ಹೇಳಿದೆ.