ಗುಳ್ಳೆ ಏಳದ ಬಾವಿ, ರೀಬ್ರೀದರ್ ಎಂಬ ಆಸೆ

ಬಾವಿಯಲ್ಲಿ ಒಂದೇ ಒಂದು ಗುಳ್ಳೆ ಏಳುತ್ತಿರಲಿಲ್ಲ.

ಕೆಳಗೆ ಒಬ್ಬ ಮನುಷ್ಯ ಇದ್ದ. ನನ್ನ ಗೆಳೆಯ ಶರಣು. ಮೇಲೆ ಕಲ್ಲಿನ ಮೆಟ್ಟಿಲುಗಳ ಮೇಲೆ ನಾವು ಮೂವರು: ಶರಣುವಿನ ಹೆಂಡತಿ ಸುನಂದಾ ವೈನಿ, ವೈನಿಯ ತಾಯಿ, ಮತ್ತು ನಾನು. ನೀರು ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ಅಲುಗದೆ ನಿಂತಿತ್ತು.

ಗಾಬರಿಯಾಗಬೇಡಿ. ಗುಳ್ಳೆ ಏಳಬಾರದು ಎಂಬುದೇ ಈ ಆಟದ ಉದ್ದೇಶ. (ಗಾಬರಿಯ ಸಂಗತಿ ಆಮೇಲೆ ಬರುತ್ತದೆ.)

ಮೊದಲಿನಿಂದ ಹೇಳುತ್ತೇನೆ. ಶರಣು ಅಫಜಲಪುರದ ತೊಗರಿ ವ್ಯಾಪಾರಿ. ಭೀಮಾ ನದಿಯಲ್ಲಿ ಈಜು ಕಲಿತವನು. ನಾನು ಆಳಂದದಲ್ಲಿ ಕೆಮಿಸ್ಟ್ರಿ ಕಲಿಸುವ ಮೇಷ್ಟ್ರು. ನಮಗೂ ಸಮುದ್ರಕ್ಕೂ ಏನು ಸಂಬಂಧ? ಏನೂ ಇಲ್ಲ. ಕೆಲವು ವರ್ಷಗಳ ಹಿಂದೆ ಮುರ್ಡೇಶ್ವರಕ್ಕೆ ಹೋದಾಗ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿಸುತ್ತಾರೆಂದು ಕೇಳಿ ಸುಮ್ಮನೆ ಇಳಿದೆವು. ಅಷ್ಟೇ, ಹುಚ್ಚು ಹಿಡಿಯಿತು. ಇಬ್ಬರೂ ಕೋರ್ಸ್ ಮುಗಿಸಿದೆವು. ಮಳೆಗಾಲ ಕಳೆದ ಮೇಲೆ ಮೂರ್ನಾಲ್ಕು ಸಲ ಬ್ಯಾಗು ಹೊತ್ತು ಕರಾವಳಿಗೆ ಹೊರಡುವುದು ಅಭ್ಯಾಸವಾಯಿತು.

ಸ್ಕೂಬಾ ಸರಳ. ಬೆನ್ನ ಮೇಲೆ ಗಾಳಿಯ ಸಿಲಿಂಡರ್. ಅದರಿಂದ ಉಸಿರು ಎಳೆದುಕೊಳ್ಳುವುದು, ಬಿಟ್ಟ ಉಸಿರು ಗುಳುಗುಳು ಗುಳ್ಳೆಯಾಗಿ ಮೇಲೆ ಹೋಗುವುದು. ಶರಣುವಿನ ತಕರಾರು ಇದ್ದದ್ದೇ ಆ ಗುಳ್ಳೆಗಳ ಮೇಲೆ.

"ಆ ಸಪ್ಪಳಕ್ಕ ಮೀನೆಲ್ಲ ಓಡಿ ಹೋಗ್ತಾವಲೇ. ಮತ್ತ ಒಂದು ಉಸಿರಿನಾಗ ನಾವು ಖರ್ಚು ಮಾಡೋ ಆಕ್ಸಿಜನ್ ಎಷ್ಟು? ಜರಾಸೆ. ಉಳಿದದ್ದೆಲ್ಲ ದಂಡ!"

ಕೆಮಿಸ್ಟ್ರಿ ಮೇಷ್ಟ್ರಿಗೇ ಪಾಠ. ಆದರೆ ಮಾತು ನಿಜ.

ಇದಕ್ಕೆ ಪರಿಹಾರವೇ ರೀಬ್ರೀದರ್. ನೀವು ಬಿಟ್ಟ ಉಸಿರನ್ನು ಈ ಯಂತ್ರ ಹೊರಗೆ ಬಿಡುವುದಿಲ್ಲ. ಸುಣ್ಣದ ಹರಳು ತುಂಬಿದ ಡಬ್ಬಿಯೊಳಗೆ ಹಾಯಿಸಿ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಕಡಿಮೆಯಾದ ಆಕ್ಸಿಜನ್ನನ್ನು ಸಣ್ಣ ಸಿಲಿಂಡರಿನಿಂದ ಸೇರಿಸಿ ನಿಮಗೇ ವಾಪಸು ಕೊಡುತ್ತದೆ. ಗುಳ್ಳೆ ಇಲ್ಲ, ಸಪ್ಪಳ ಇಲ್ಲ, ಬಹಳ ಹೊತ್ತು ನೀರೊಳಗೆ ಇರಬಹುದು. ಶರಣು ಮಾಲ್ಡೀವ್ಸ್‌ವರೆಗೆ ಹೋಗಿ ಅದರ ಕೋರ್ಸ್ ಮಾಡಿ, ಯಂತ್ರವನ್ನೂ ಹೊತ್ತು ತಂದ.

"ತಾ ಬಿಟ್ಟ ಉಸರು ತಾನೇ ತಗೋತಾರೇನ್ರಿ ಅಳಿಯಾರು? ಹೊರಗ ಇಷ್ಟು ಗಾಳಿ ಅದಲ್ಲ!" ಎಂದರು ಅವನ ಅತ್ತೆ.

ನಾವು ನಕ್ಕೆವು. ವೈನಿ ನಗಲಿಲ್ಲ. ವೈನಿ ಅರಿವಳಿಕೆ ತಜ್ಞೆ. ಅಂಥದ್ದೇ ಸುಣ್ಣದ ಡಬ್ಬಿ ಅವರ ಆಪರೇಷನ್ ಥಿಯೇಟರಿನ ಯಂತ್ರದಲ್ಲೂ ಇದೆ. ಅವರು ಕೇಳಿದ್ದು ಒಂದೇ: "ಆಕ್ಸಿಜನ್ ಎಷ್ಟದ ಅಂತ ನೋಡೋರು ಯಾರು?"

"ಮೀಟರ್ ಅದಲ್ಲ."

"ಮೀಟರ್ ನೋಡೋರು?"

"ನಾನೇ!" ಎಂದ ಶರಣು, ಎದೆ ತಟ್ಟಿಕೊಂಡು.

ನೇತ್ರಾಣಿಗೆ ಹೋಗುವ ಮೊದಲು ಪ್ರಾಕ್ಟೀಸ್ ಬೇಕಲ್ಲ? ಜೇವರ್ಗಿ ಹತ್ತಿರ ವೈನಿಯ ತವರಿನ ಹೊಲದಲ್ಲಿ ದೊಡ್ಡ ಬಾವಿ ಇದೆ. ಈ ಸಲ ಮಳೆ ಚೆನ್ನಾಗಿ ಆಗಿ ತುಂಬಿತ್ತು. ಒಂದು ಭಾನುವಾರ ಅಲ್ಲಿ ಸೇರಿದೆವು.

ಒಬ್ಬನೇ ಇಳಿಯಬಾರದು ಎಂಬುದು ಈ ಹವ್ಯಾಸದ ಮೊದಲ ಪಾಠ. ಜೊತೆಗೆ ನಾನು ಇಳಿಯಬೇಕಿತ್ತು. ಆದರೆ ನನಗೆ ನೆಗಡಿ. ಮೂಗು ಕಟ್ಟಿದಾಗ ಇಳಿದರೆ ನೀರಿನ ಒತ್ತಡಕ್ಕೆ ಕಿವಿ ಸಿಡಿಯುತ್ತದೆ. ಇನ್ನೊಂದು ದಿನ ಮಾಡೋಣ ಎಂದೆ.

"ಬಾವಿ ಅದಲೇ, ಸಮುದ್ರ ಅಲ್ಲ. ಚಹಾ ಆಗೋದ್ರಾಗ ಬರ್ತೇನಿ."

ವೈನಿ ನನ್ನ ಕಡೆ ತಿರುಗಿ, "ಮಾಸ್ತರ್ರ, ನೀವು ನಿಮ್ಮ ಸಿಲಿಂಡರ್ ಹಾಕ್ಕೊಂಡೇ ಕೂಡ್ರಿ" ಎಂದರು. ಅದು ವಿನಂತಿಯಾಗಿರಲಿಲ್ಲ. ಹಾಕಿಕೊಂಡು ಕುಳಿತೆ.

ಯಂತ್ರ ಜೋಡಿಸುವುದರಲ್ಲೇ ಬೆಳಗು ಕಳೆಯಿತು. ಹರಳು ತುಂಬಬೇಕು, ಸೆನ್ಸರ್ ನೋಡಬೇಕು, ವಾಲ್ವ್ ತೆರೆದು ಮುಚ್ಚಿ ಪರೀಕ್ಷಿಸಬೇಕು. ನಡುವೆ ಪಕ್ಕದ ಹೊಲದವರು ಬಂದರು. "ಇದು ಏನ್ರಿ ಸಾವುಕಾರ್ರ, ಔಷಧ ಹೊಡಿಯೋ ಪಂಪೇನು?" ಎಂದು ಕೇಳಿದರು. ಶರಣು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಖುಷಿಯಿಂದ ವಿವರಿಸಿದ. ಅವರು ಹೋದ ಮೇಲೆ ಯಂತ್ರ ಹೊತ್ತು ಇಳಿದ. ನೀರು ಮುಚ್ಚಿಕೊಂಡಿತು.

ಚಹಾ ಆಯಿತು. ಚಹಾ ಆರಿತು.

"ಇಳೀರಿ" ಎಂದರು ವೈನಿ.

"ಇನ್ನ ಜರಾ ನೋಡೋಣ್ರಿ ವೈನಿ. ಇದರಾಗ ಗುಳ್ಳೆ ಬರಂಗಿಲ್ಲ."

"ಅದಕ್ಕೇ ಇಳೀರಿ. ಗುಳ್ಳೆ ಬರಾಕತ್ತಿದ್ರ ನಾ ಸುಮ್ಮ ಇರ್ತಿದ್ದೆ."

ಇಳಿದೆ. ಕಿವಿಗೆ ಸೂಜಿ ಚುಚ್ಚಿದಂತಾಯಿತು. ಟಾರ್ಚ್ ಬೆಳಕಿನಲ್ಲಿ ಹಸಿರು ಮಬ್ಬು ಬಿಟ್ಟರೆ ಏನೂ ಇಲ್ಲ. ಗೋಡೆ ಹಿಡಿದು ತಳಕ್ಕೆ ಹೋದೆ. ಅಲ್ಲಿ ಶರಣು ಕುಳಿತಿದ್ದ, ಕಟ್ಟೆಯ ಮೇಲೆ ಕುಳಿತವರ ಹಾಗೆ. ಸಣ್ಣ ಸಣ್ಣ ಮೀನುಗಳು ಅವನ ಮುಖದ ಹತ್ತಿರವೇ ಆಡುತ್ತಿದ್ದವು. ನನ್ನನ್ನು ಕಂಡು ಬೆರಳು ಮಡಿಚಿ ಓಕೆ ಎಂದು ತೋರಿಸಿದ. ನನಗೆ ಸಿಟ್ಟು ಬಂತು. ಎಲ್ಲ ಸರಿಯಾಗಿಯೇ ಇದೆಯಲ್ಲ!

ಆಗ ಅವನ ಮುಂಗೈ ಮೇಲಿನ ಮೀಟರ್ ಕಂಡೆ. ಕೆಂಪು ಮಿನುಗುತ್ತಿತ್ತು. ಆಕ್ಸಿಜನ್ ಇರಬೇಕಾದ ಮಟ್ಟಕ್ಕಿಂತ ಎಷ್ಟೋ ಕೆಳಗಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನಷ್ಟು ಇಳಿಯಿತು.

ಅವನ ಕೈ ಹಿಡಿದು ಅವನ ಕಣ್ಣ ಮುಂದೆಯೇ ತಂದೆ. ಒಂದು ಕ್ಷಣ ಅವನು ಏನೂ ಮಾಡಲಿಲ್ಲ, ಸುಮ್ಮನೆ ನೋಡಿದ. ಅಂಥ ಭಯ ನಾನು ಸಮುದ್ರದಲ್ಲೂ ಪಟ್ಟಿಲ್ಲ. ಆಮೇಲೆ ಪಕ್ಕದಲ್ಲಿ ನೇತಾಡುತ್ತಿದ್ದ ಮಾಮೂಲಿ ಸಿಲಿಂಡರಿನ ನಳಿಗೆಯನ್ನು ಬಾಯಿಗಿಟ್ಟುಕೊಂಡ. (ಹೌದು, ರೀಬ್ರೀದರ್ ಹೊತ್ತವರು ಆಪತ್ತಿಗೆಂದು ಹಳೆಯ ಬಗೆಯ ಸಿಲಿಂಡರನ್ನೂ ಹೊರಲೇಬೇಕು.) ಅವನ ಬಾಯಿಂದ ಮೊದಲ ಗುಳ್ಳೆಗಳು ಎದ್ದವು. ನಿಧಾನವಾಗಿ ಮೇಲೆ ಬಂದೆವು.

ನನ್ನ ಗುಳ್ಳೆಗಳ ಪಕ್ಕದಲ್ಲಿ ಇನ್ನೊಂದು ಸಾಲು ಗುಳ್ಳೆ ಕಂಡದ್ದೇ ವೈನಿ ಮೆಟ್ಟಿಲ ಮೇಲೆ ಕುಸಿದು ಕುಳಿತರಂತೆ. ಅಲ್ಲಿಯವರೆಗೆ ನಿಂತೇ ಇದ್ದರು. ಇದನ್ನು ಆಮೇಲೆ ಅವರ ತಾಯಿ ಹೇಳಿದ್ದು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಆಕ್ಸಿಜನ್ ವಾಲ್ವ್ ಪರೀಕ್ಷೆಗೆಂದು ಮುಚ್ಚಿದವನು, ಪಕ್ಕದ ಹೊಲದವರ ಜೊತೆ ಮಾತಾಡುತ್ತ ಮತ್ತೆ ತೆರೆಯುವುದನ್ನು ಮರೆತಿದ್ದ.

"ಖರೇ ಹೇಳ್ತೇನಿ, ಏನೂ ಆಗಿದ್ದಿಲ್ಲ. ಭಾಳ ಆರಾಮ ಇದ್ದೆ" ಎಂದ ಶರಣು. ದನಿ ಸಣ್ಣದಾಗಿತ್ತು.

ವೈನಿ ಟವೆಲ್ಲಿನಿಂದ ಅವನ ತಲೆ ಒರೆಸುತ್ತಿದ್ದರು. "ಆರಾಮೇ ಇರ್ತದರಿ. ಮ್ಯಾಲ ಬರೋವಾಗ ನೀರಿನ ಒತ್ತಡ ಇಳಿದು, ಇದ್ದ ಆಕ್ಸಿಜನ್ನೂ ಸಾಲದಂಗ ಆಗಿ ಎಚ್ಚರ ತಪ್ಪತಿತ್ತು. ನಿಮಗ ಗೊತ್ತೂ ಆಗ್ತಿದ್ದಿಲ್ಲ."

ಇದು ಕೆಮಿಸ್ಟ್ರಿ ಮೇಷ್ಟ್ರಿಗೂ ಗೊತ್ತಿರಬೇಕಾದ ವಿಷಯ. ನಮಗೆ ಉಸಿರುಗಟ್ಟಿದಂತೆ ಅನ್ನಿಸುವುದು ಆಕ್ಸಿಜನ್ ಕಡಿಮೆಯಾದಾಗ ಅಲ್ಲ, ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ಅದನ್ನು ಯಂತ್ರ ಚೊಕ್ಕಟವಾಗಿ ಹೀರಿಬಿಡುತ್ತದೆ. ಹೀಗಾಗಿ ಮೈ ಎಚ್ಚರಿಸುವುದೇ ಇಲ್ಲ. ನಮ್ಮ ಹಳೆಯ ಸಿಲಿಂಡರ್ ಖಾಲಿಯಾಗುತ್ತ ಬಂದರೆ ಉಸಿರು ಎಳೆಯುವುದೇ ಭಾರವಾಗುತ್ತದೆ. ಪಾಪ, ಅದು ಬಾಯಿಬಿಟ್ಟು ಹೇಳುತ್ತದೆ.

ಹಾಗಾದರೆ ರೀಬ್ರೀದರ್ ಕೆಟ್ಟದ್ದೇ? ಅಲ್ಲವೇ ಅಲ್ಲ. ಆಳದಲ್ಲಿ ಮುಳುಗಿದ ಹಡಗು ನೋಡುವವರಿಗೆ, ತಾಸುಗಟ್ಟಲೆ ಒಂದೇ ಮೀನಿನ ಫೋಟೋಕ್ಕೆ ಕಾಯುವವರಿಗೆ, ಅದೇ ಕೆಲಸವಾದವರಿಗೆ ಅದು ಬೇಕು. ಅವರ ಕೈಗೆ ರೂಢಿ ಇರುತ್ತದೆ. ನಮಗೆ? ನೇತ್ರಾಣಿಯಲ್ಲಿ ಗೈಡ್ ಕೈ ಮಾಡಿದ ಕೂಡಲೇ ಗುಂಪೆಲ್ಲ ಮೇಲೆ ಬರಲೇಬೇಕು. ಬೋಟು ಶರಣು ಸಾವುಕಾರರಿಗಾಗಿ ಕಾಯುತ್ತದೆಯೇ? ಉಳಿಸಿದ ಗಾಳಿಯನ್ನು ಮನೆಗೆ ಕಟ್ಟಿಕೊಂಡು ಬರುವುದೇ?

ಎಷ್ಟೋ ಸಲ ನಾವು ವಸ್ತು ಆರಿಸುವುದು ನಮ್ಮ ಬದುಕಿಗೆ ಅಲ್ಲ, ನಾವು ಬದುಕಬೇಕು ಅಂದುಕೊಂಡ ಇನ್ನೊಂದು ಬದುಕಿಗೆ. ನನ್ನ ಪಕ್ಕದ ಮನೆಯವರು ಹೊಳೆ ದಾಟುವ ಜೀಪು ಕೊಂಡಿದ್ದಾರೆ. ಅದು ದಾಟಿದ್ದು ಇಲ್ಲಿಯವರೆಗೆ ಬಸ್ ಸ್ಟ್ಯಾಂಡ್ ಮುಂದಿನ ಸ್ಪೀಡ್ ಬ್ರೇಕರ್ ಮಾತ್ರ.

ಶರಣು ಯಂತ್ರ ಮಾರಿಲ್ಲ. ಮಾಲ್ಡೀವ್ಸಿನ ಗುರುಗಳ ಹತ್ತಿರ ಮತ್ತೊಮ್ಮೆ ಹೋಗಿ ಕಲಿಯುತ್ತಾನಂತೆ. ವೈನಿಯೂ ಬೇಡ ಅಂದಿಲ್ಲ. ಹೇಳಿದ್ದು ಇಷ್ಟೇ: "ಥಿಯೇಟರ್‌ನಾಗ ಮೀಟರ್ ನೋಡ್ಕೋತ ಪೇಶಂಟ್ ಹತ್ರ ನಾ ಕುಂತಿರ್ತೇನಿ. ನೀರಾಗ ಪೇಶಂಟೂ ನೀವೇ, ಡಾಕ್ಟರೂ ನೀವೇ."

ಈ ಸಲ ನೇತ್ರಾಣಿಯಲ್ಲಿ ಅವನು ಎಲ್ಲರಂತೆ ಬಾಡಿಗೆಯ ಸಿಲಿಂಡರ್ ಹಾಕಿಕೊಂಡೇ ಇಳಿದ. ಸಪ್ಪಳಕ್ಕೆ ಕೆಲವು ಮೀನು ಓಡಿದವು. ಕೆಲವು ನಿಂತವು. ನಿಂತವನ್ನೇ ಇಬ್ಬರೂ ಕಣ್ತುಂಬ ನೋಡಿದೆವು.

ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುವವರು ನಾವು. ಹೋಗುವುದು ಮೀನು ನೋಡಲಿಕ್ಕೋ, ಮೀಟರ್ ನೋಡಲಿಕ್ಕೋ?