ಸಮುದ್ರಕ್ಕೊಂದು ಹಲಗೆ

ನಾನು ಓದು ನಿಲ್ಲಿಸಿದ್ದು ೨೦೦೧ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಕೆ.ಜಿ.ಎಫ್.ನ ಗಣಿ ಮುಚ್ಚಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ. ನಮ್ಮದು ಕಾಮಸಮುದ್ರದ ಕಡೆಯ ಹಳ್ಳಿ, ನಮ್ಮ ಮನೆಯಿಂದ ಯಾರೂ ಗಣಿಗೆ ಇಳಿದವರಲ್ಲ. ದಸರಾ ರಜೆಗೆಂದು ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಒಂದು ಕುಶನ್ ಅಂಗಡಿಗೆ ಸೇರಿದೆ, ರಜೆ ಮುಗಿದ ಮೇಲೂ ಅಲ್ಲೇ ಉಳಿದೆ. ಸ್ಕೂಲು ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಆಟೋ ಸೀಟು, ಆಟೋ ಟಾಪು, ಸೋಫಾ, ಬಸ್ಸಿನ ಸೀಟು, ಎಲ್ಲ ಕಲಿತೆ. ಈಗ ಅಂಗಡಿ ನನ್ನದು. ನಾನು ಹಾಕಿದ ಹೊಲಿಗೆ ಬಿಟ್ಟಿತೆಂದು ಯಾರೂ ಆಟೋ ತಿರುಗಿಸಿಕೊಂಡು ಬಂದಿಲ್ಲ.

ಮದುವೆ ಮಾತ್ರ ಆಗಲಿಲ್ಲ. ಎಸ್.ಎಸ್.ಎಲ್.ಸಿ. ಇಲ್ಲವೆಂದು ಎರಡು ಕಡೆ ಹೆಣ್ಣು ಕೊಡಲಿಲ್ಲ. ಮೂರನೆಯ ಕಡೆಗೆ ನಾನೇ ಹೋಗಲಿಲ್ಲ. ಹಳ್ಳಿಯಲ್ಲಿ ಅಣ್ಣನ ಸಂಸಾರ ಇದೆ. ಹೋದರೆ ಅತ್ತಿಗೆ ಊಟಕ್ಕಿಡುತ್ತಾರೆ, ಆದರೆ ಬಡಿಸುವಾಗ “ಪಾಪ” ಎನ್ನುತ್ತಾರೆ. ಆ ಒಂದು ಮಾತಿಗೆ ನಾನು ಹೋಗುವುದನ್ನೇ ಕಡಿಮೆ ಮಾಡಿದೆ. ಅಂಗಡಿಯ ಹಿಂದಿನ ರೂಮಿನಲ್ಲಿ ಒಬ್ಬನೇ ಇರುತ್ತೇನೆ. ವಾರವಿಡೀ ಗಿರಾಕಿಗಳ ಜೊತೆ ಮಾತು ನಡೆಯುತ್ತದೆ. ಭಾನುವಾರ ಬಾಗಿಲು ಹಾಕಿದರೆ ಇಡೀ ದಿನಕ್ಕೆ ನನ್ನ ಬಾಯಿಂದ ಹೊರಡುವುದು ಬಿರಿಯಾನಿ ಅಂಗಡಿಯಲ್ಲಿ ಹೇಳುವ ಮಾತು ಅಷ್ಟೆ: ಅರ್ಧ ಪ್ಲೇಟು, ಪಾರ್ಸಲ್.

ಎರಡು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರು ನನ್ನನ್ನು ಚೆನ್ನೈ ದಾಟಿ ಸಮುದ್ರದ ಪಕ್ಕದ ಒಂದು ಲಾಡ್ಜಿಗೆ ಕರೆದುಕೊಂಡು ಹೋದ. ಅಲ್ಲಿನ ಸೋಫಾ, ಕುರ್ಚಿ, ಬಿಸಿಲಲ್ಲಿ ಮಲಗುವ ಮಂಚ, ಎಲ್ಲದಕ್ಕೂ ಹೊಸ ಕುಶನ್ ಹಾಕಬೇಕಿತ್ತು. ಉಪ್ಪುಗಾಳಿಗೆ ರೆಕ್ಸಿನ್ ಎಲ್ಲ ಸೀಳಿಹೋಗಿತ್ತು. ಪಕ್ಕದಲ್ಲೇ ಮೀನುಗಾರರೊಬ್ಬರು ಶೆಡ್ಡು ಹಾಕಿಕೊಂಡು, ಬಂದವರಿಗೆ ಅಲೆಯ ಮೇಲೆ ಹಲಗೆ ಓಡಿಸುವುದನ್ನು, ಸರ್ಫಿಂಗ್ ಎನ್ನುತ್ತಾರಲ್ಲ ಅದನ್ನು, ಕಲಿಸುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ಹಲಗೆ ಹಾಕುವ ಚೀಲದ ಜಿಪ್ಪು ಕಿತ್ತಿದೆ ಎಂದು ಒಂದು ದಿನ ನನ್ನ ಹತ್ತಿರ ತಂದರು. ಹೊಲಿದುಕೊಟ್ಟೆ, ದುಡ್ಡು ಬೇಡವೆಂದೆ. ಹಾಗಾದರೆ ನಾಳೆ ಬೆಳಗ್ಗೆ ನೀರಿಗೆ ಬನ್ನಿ ಎಂದರು. ಅವರು ಆಡುವುದು ತಮಿಳು. ನಾನಿಲ್ಲಿ ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನನ್ನ ತಲೆಯಲ್ಲಿ ಅದು ಉಳಿದಿರುವುದೇ ಹಾಗೆ.

ಈಜು ನನಗೆ ಬರುತ್ತಿತ್ತು, ಹುಡುಗನಾಗಿದ್ದಾಗ ಬಾವಿಯಲ್ಲಿ ಕಲಿತದ್ದು. ಒಂದು ದೊಡ್ಡ ಹಳದಿ ಹಲಗೆಯ ಮೇಲೆ ನನ್ನನ್ನು ಬೋರಲು ಮಲಗಿಸಿ, ಅಲೆ ಬಂದಾಗ ಅವರು ಹಿಂದಿನಿಂದ ತಳ್ಳಿದರು. ಏಳಿ ಎಂದು ಕೂಗಿದರು. ಎದ್ದೆ. ನಿಂತೆ. ಕಾಲ ಕೆಳಗೆ ಏನೋ ಜೀವವಿರುವಂಥದ್ದು ನನ್ನನ್ನು ಹೊತ್ತುಕೊಂಡು ದಡಕ್ಕೆ ಓಡಿತು. ಆಚೆ ನೀರಿನಲ್ಲಿ ತಮ್ಮ ತಮ್ಮ ಹಲಗೆಯ ಮೇಲೆ ಸಾಲಾಗಿ ಕೂತಿದ್ದ ಏಳೆಂಟು ಜನ ಕೈ ಎತ್ತಿ ಕೂಗಿದರು. ಹೆಸರೂ ಗೊತ್ತಿಲ್ಲದವರು. ನನ್ನ ಆಯುಸ್ಸಿನಲ್ಲಿ ನನಗಾಗಿ ಯಾರಾದರೂ ಕೂಗಿದ್ದು ಅದೇ ಮೊದಲು.

ಕೆಲಸ ಮುಗಿಸಿ ಹೊರಡುವ ದಿನ ಮೀನುಗಾರರನ್ನು ಕೇಳಿದೆ, ಆ ಸಾಲಿನಲ್ಲಿ ಕೂರುವವರು ಯಾರು ಎಂದು. ಯಾರಾದರೇನು, ಸ್ವಂತ ಹಲಗೆ ಇಟ್ಟುಕೊಂಡು, ಯಾರೂ ತಳ್ಳದೆ ತಾವೇ ಆಚೆಗೆ ಬರಬಲ್ಲವರು ಎಂದರು. ಪಂದ್ಯಕ್ಕೆಂದು ಸಿಲೋನಿಗೆ ಹೋಗಿ ಬಂದವರಿದ್ದಾರೆ, ಮೀನು ಮಾರುವವರಿದ್ದಾರೆ, ಭಾನುವಾರ ಬೆಳಗ್ಗೆ ಎಲ್ಲರೂ ಅಲ್ಲಿರುತ್ತಾರೆ ಎಂದರು.

ಆಂಡರ್ಸನ್‌ಪೇಟೆಗೆ ವಾಪಸ್ ಬಂದ ಮೇಲೆ ನನಗೆ ಅದೊಂದೇ. ಆ ಸಾಲಿನಲ್ಲಿ ಕೂರಬೇಕು. ಅಲ್ಲಿ ಯಾರೂ ಎಷ್ಟು ಓದಿದ್ದೀಯ ಎನ್ನುವುದಿಲ್ಲ, ಪಾಪ ಎನ್ನುವುದಿಲ್ಲ. ಆದರೆ ತಳ್ಳಿಸಿಕೊಂಡು ಹೋಗಿ ಕೂರುವವನು ನಾನಲ್ಲ. ಹಲಗೆ ನನ್ನದಾಗಬೇಕು, ಅದನ್ನು ಆರಿಸುವವನೂ ನಾನೇ ಆಗಬೇಕು.

ಕೆಲವು ತಿಂಗಳು ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಿದೆ. ಮೀನುಗಾರರ ಶೆಡ್ಡಿನಲ್ಲಿ ಮಾರುವುದಕ್ಕೆಂದು ಹಳೆಯ ಹಲಗೆಗಳನ್ನು ಗೋಡೆಗೆ ಒರಗಿಸಿದ್ದರು. ಅವರು ನೇರವಾಗಿ ಒಂದು ನೀಲಿ ಹಲಗೆಯ ಹತ್ತಿರ ಹೋದರು. ಒಂಬತ್ತು ಅಡಿ ಉದ್ದ, ಆಟೋ ಸೀಟಿನಷ್ಟು ದಪ್ಪ, ಮೂತಿ ದುಂಡಗೆ, ಮೇಲೆಲ್ಲ ಮೆತ್ತನೆಯ ಫೋಮು, ಕೆಳಗೆ ಮೀನಿನ ರೆಕ್ಕೆಯಂಥವು, ಅವೂ ರಬ್ಬರಿನವು. ಹೊಸಬರಿಗೆ ಇದೇ ಸರಿ ಎಂದರು. ಉದ್ದ ಅಗಲ ಇದ್ದಷ್ಟೂ ಅಲುಗಾಡುವುದಿಲ್ಲ, ಸಣ್ಣ ಅಲೆಯೂ ಎತ್ತಿಕೊಳ್ಳುತ್ತದೆ, ತಲೆಗೆ ಬಡಿದರೂ ಒಡೆಯುವುದಿಲ್ಲ. ನಿಮ್ಮ ತೂಕ ಎಷ್ಟೋ, ಹಲಗೆಯ ಲೀಟರು ಅದಕ್ಕಿಂತ ಮೇಲಿರಬೇಕು ಎಂದರು. ಲೀಟರು ಎಂದರೆ ಹಲಗೆ ಒಟ್ಟು ತುಂಬಿಕೊಳ್ಳುವ ಜಾಗ. ಹಲಗೆಯನ್ನೂ ಹಾಲಿನಂತೆ ಅಳೆಯುತ್ತೀರಾ ಎಂದು ನಾನು ನಕ್ಕೆ.

ನಮ್ಮ ಕೆಲಸದಲ್ಲಿ ಫೋಮು ನೋಡುವ ಕ್ರಮ ಒಂದಿದೆ. ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದ ಗುರುತು ತಕ್ಷಣ ಮೇಲೆ ಬಂದರೆ ಅದು ಮಾಲು. ಗುಳಿ ಉಳಿದರೆ ಆರು ತಿಂಗಳಿಗೆ ಸೀಟು ಕೂತುಹೋಗುತ್ತದೆ. ನಾನು ನೀಲಿ ಹಲಗೆಯನ್ನು ಒತ್ತಿದೆ. ಗುಳಿ ಬಿತ್ತು, ಹಾಗೇ ಉಳಿಯಿತು. ಇದು ತರ್ಮಾಕೋಲು ಎಂದೆ, ಮಕ್ಕಳಾಟದ್ದು. ಆಮೇಲೆ ಮೂಲೆಯಲ್ಲಿದ್ದ ಒಂದು ಬಿಳಿ ಹಲಗೆಯನ್ನು ಒತ್ತಿದೆ. ಗಟ್ಟಿ ಫೈಬರ್, ಗಾಜಿನಂತೆ ನುಣುಪು, ಚೂಪು ಮೂತಿ, ಅಂಚಿಗೆ ಕೆಂಪು ಗೆರೆ. ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಸರಿಯಾಗಿ ನನ್ನ ನೆತ್ತಿಯ ಮಟ್ಟಕ್ಕೆ, ಅಳತೆ ಕೊಟ್ಟು ಮಾಡಿಸಿದಂತಿತ್ತು. ನಾವು ಸೀಟು ಕುಯ್ಯುವುದೂ ಕೂರುವವರ ಮೈ ಅಳತೆಗೇ ತಾನೆ.

ಮೀನುಗಾರರು ನನ್ನನ್ನೂ ಹಲಗೆಯನ್ನೂ ನೋಡಿದರು.

“ಬ್ಯಾಡಣ್ಣ,” ಎಂದರು. “ಅದು ಬಲ್ಲೋರ್ದು.”

ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟವನಿಗೆ ಆ ಮಾತು ಹೇಗೆ ಕೇಳಿಸಿತೆಂದು ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದ ಮೇಲೆ ಫೋಮು ಕುಯ್ದಿದ್ದೇನೆ, ಮಾಲು ಯಾವುದೆಂದು ನನಗೆ ಗೊತ್ತು ಎಂದೆ. ಅವರು ದುಡ್ಡು ಎಣಿಸಿಕೊಂಡು ಬಿಳಿ ಹಲಗೆಯನ್ನೇ ಕೊಟ್ಟರು. ಕಾಲಿಗೆ ಕಟ್ಟಿಕೊಳ್ಳುವ ದಾರವನ್ನು ತಾವೇ ಹೊಸದು ಹಾಕಿಕೊಟ್ಟರು.

ಬಿಳಿ ಹಲಗೆಯ ಜೊತೆ ಎಷ್ಟೋ ಭಾನುವಾರ ನೀರಿಗಿಳಿದೆ. ಮಲಗಿದರೆ ಮೂತಿ ಮುಳುಗುತ್ತಿತ್ತು. ಹಿಂದಕ್ಕೆ ಸರಿದರೆ ಬಾಲ ಮುಳುಗುತ್ತಿತ್ತು. ಕೈಯಲ್ಲಿ ನೀರು ಎಳೆದು ಎಳೆದು ಭುಜ ಸೋತು, ಒಡೆದ ಅಲೆಯ ನೊರೆಯಲ್ಲೇ ಉರುಳಾಡಿ ದಡಕ್ಕೆ ಬಂದು ಬೀಳುತ್ತಿದ್ದೆ. ಅವರೆಲ್ಲ ಆಚೆ ಸಾಲಾಗಿ ಕೂತಿರುತ್ತಿದ್ದರು, ನಗುವುದು ಗಾಳಿಯಲ್ಲಿ ಕೇಳುತ್ತಿತ್ತು. ನನ್ನನ್ನು ನೋಡಿ ನಕ್ಕದ್ದಲ್ಲ ಎಂದು ಗೊತ್ತಿತ್ತು. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ, ಕಷ್ಟವಾದದ್ದು ಅದೇ. ಮೊದಲ ದಿನ ಕೈ ಎತ್ತಿದವರು ಈಗ ನಾನು ಪಕ್ಕದಲ್ಲೇ ಮುಳುಗೇಳುತ್ತಿದ್ದರೂ ಬೇರೆ ಊರಿನವರಂತೆ ಇದ್ದರು. ಮೀನುಗಾರರು ಒಮ್ಮೆ, ತಳ್ಳಿಕೊಡಲಾ ಎಂದು ಕೇಳಿದರು. ಬೇಡವೆಂದೆ. ಆಮೇಲೆ ಅವರೂ ಕೇಳಲಿಲ್ಲ.

ಕೊನೆಗೆ, ಯಾರೂ ನೋಡದ ಕಡೆ ಅಭ್ಯಾಸ ಮಾಡೋಣವೆಂದು ಹಲಗೆಯನ್ನು ಊರಿಗೇ ತಂದೆ. ರೈಲಿನಲ್ಲಿ ಬಾಗಿಲ ಪಕ್ಕ ನಿಲ್ಲಿಸಿಕೊಂಡು, ಬಿಡಿಸಿ ಹೇಳುವ ಗೋಜಿಗೆ ಹೋಗದೆ, ಕೇಳಿದವರಿಗೆಲ್ಲ ಅಂಗಡಿ ಸಾಮಾನು ಎಂದೆ. ಬಂಗಾರಪೇಟೆ ಸ್ಟೇಷನ್ ಮುಂದೆ ನನ್ನ ಸ್ನೇಹಿತ ಆಟೋ ತಂದು ಕಾಯುತ್ತಿದ್ದ. ನಮ್ಮ ಪಕ್ಕದ ಊರಿನವನೇ, ನಾನು ಮೊದಲು ಒಬ್ಬನೇ ಹೊಲಿದ ಸೀಟು ಅವನ ಆಟೋದ್ದು. ಹಲಗೆಯನ್ನು ಸುತ್ತ ತಿರುಗಿ ನೋಡಿದ.

“ಏನ್ಲಾ ಇದು? ಇಸ್ತ್ರಿ ಮಾಡೋ ಅಲಗೆ ತರಾಕೆ ಮದ್ರಾಸ್‌ಗಂಟ ಓಗಿದ್ಯಾ?”

ಸಮುದ್ರದ್ದು ಎಂದೆ. ಅವನು ಇನ್ನೂ ನಗುತ್ತಲೇ ಅದನ್ನು ಹಿಂದಿನ ಸೀಟಿನ ಮೇಲೆ ಅಡ್ಡ ಹಾಕಿದ. ಎರಡು ಕಡೆಯೂ ಆಚೆ ಚಾಚಿತು. ನಾನು ಅದನ್ನು ಹಿಡಿದುಕೊಂಡು ಮುಂದೆ ಅವನ ಪಕ್ಕ ತೂರಿಕೊಂಡು ಕೂತೆ. ದಾರಿಯಲ್ಲಿ ಎದುರು ಬಂದ ಪ್ರತಿ ಆಟೋದವನಿಗೂ ಅವನು, ನಮ್ಮೋನು ವಿಮಾನದ ರೆಕ್ಕೆ ತಂದವ್ನೆ ಎಂದು ಹೇಳಿಕೊಂಡೇ ಬಂದ.

ಆ ಸಲ ಮಳೆ ಚೆನ್ನಾಗಿ ಬಂದು ನಮ್ಮ ಹಳ್ಳಿಯ ಕೆರೆ ತುಂಬಿತ್ತು. ಮುಂದಿನ ಭಾನುವಾರ, ಅಣ್ಣನ ಮನೆಯ ಕಡೆ ತಲೆ ಹಾಕದೆ, ಇಬ್ಬರೂ ನೇರ ಕೆರೆಗೆ ಹೋದೆವು. ದೂರದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು, ಬೇರೆ ಯಾರೂ ಇರಲಿಲ್ಲ. ನೀರು ಕದಲುತ್ತಿರಲಿಲ್ಲ. ಅಲೆ ಇಲ್ಲ, ಸೆಳೆತ ಇಲ್ಲ, ತಪ್ಪು ಹೊರಿಸುವುದಕ್ಕೆ ಏನೂ ಇಲ್ಲ. ನಾನು ಹಲಗೆಯ ಎರಡು ಪಕ್ಕ ಕಾಲು ಇಳಿಬಿಟ್ಟು ಕೂತೆ. ಅದು ಮೆಲ್ಲಗೆ, ಸದ್ದಿಲ್ಲದೆ ನೀರೊಳಗೆ ಇಳಿಯಿತು. ಸೊಂಟದವರೆಗೆ ಬಂತು ನೀರು, ಎದೆಯವರೆಗೆ ಬಂತು. ಎಮ್ಮೆಯೂ ನಾನೂ ಒಂದೇ ಮಟ್ಟದಲ್ಲಿದ್ದೆವು.

ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಸ್ನೇಹಿತ ಅಷ್ಟು ಹೊತ್ತು ನಗುತ್ತಿದ್ದವನು ನಗು ನಿಲ್ಲಿಸಿದ. ಬೀಡಿ ಹಚ್ಚಿದ. ಸಮುದ್ರದ ಹತ್ತಿರ ಮಾರುವವರು ಯಾವ ಥರದ್ದು ಕೊಡ್ತೀನಿ ಅಂದಿದ್ದರು ಎಂದು ಕೇಳಿದ. ನಾನು ನೀಲಿ ಹಲಗೆಯ ಬಗ್ಗೆ ಹೇಳಿದೆ, ಉದ್ದ, ಅಗಲ, ಮೆತ್ತಗೆ. ಅವನು ಮೇಲೆ ರಸ್ತೆಯಲ್ಲಿ ನಿಂತಿದ್ದ ತನ್ನ ಆಟೋ ಕಡೆ ನೋಡಿದ.

“ಹಿಂದ್ಗಡೆ ಸೀಟು ಅಗ್ಲ ಯಾಕಿಕ್ತೀಯ ನೀನು? ಯಾವನ್ ಬಂದ್ರೂ ಕುಂತ್ಕಳ್ಳಿ ಅಂತ ತಾನೆ. ನನ್ ಸೀಟು ಒಂದು ಗೇಣು, ಗಟ್ಟಿ. ನಂಗೆ ಕುಂತ್ಕಳಾಕೆ ಗೊತ್ತೈತೆ, ಅದ್ಕೆ ಸಾಕು. ನೀನು ಡ್ರೈವರ್ ಸೀಟು ತಂದಿದ್ಯ ಕಣ್ಲಾ. ನೀನಿನ್ನೂ ಪ್ಯಾಸೆಂಜರ್ರು.”

ಅವನು, ಯಾರದೋ ಬಾಡಿಗೆ ಇದೆ, ಸಂಜೆ ಬರುತ್ತೇನೆ ಎಂದು ಹೊರಟುಹೋದ. ನಾನು ಇನ್ನೂ ಬಹಳ ಹೊತ್ತು ನೀರಲ್ಲೇ ಇದ್ದೆ. ಹೆಬ್ಬೆರಳಿಗೆ ಗೊತ್ತಿದ್ದದ್ದು ಕೂರುವ ಫೋಮು, ತೇಲುವ ಫೋಮಲ್ಲ. ಇಷ್ಟು ಸಣ್ಣ ಮಾತು. ಆದರೆ ಇದನ್ನು ಮೀನುಗಾರರ ಮುಂದೆ ಹೋಗಿ ಹೇಳಬೇಕಲ್ಲ ಎಂದುಕೊಂಡಾಗ, ಹೋಗದೇ ಇದ್ದುಬಿಡೋಣ ಎನ್ನಿಸಿತು. ಯಾರೂ ಬಾ ಎಂದು ಕರೆದಿರಲಿಲ್ಲ. ಎರಡು ಭಾನುವಾರ ಹೋಗಲೂ ಇಲ್ಲ. ರೂಮಿನಲ್ಲಿ ಬಿಳಿ ಹಲಗೆ ಗೋಡೆಗೆ ಒರಗಿಕೊಂಡಿತ್ತು, ನಾನು ಪಾರ್ಸಲ್ ಬಿಚ್ಚಿ ಅದರ ಎದುರು ಕೂತು ಉಂಡೆ. ಬೀದಿಯಲ್ಲಿ ಯಾರ ಮನೆಯದೋ ಟಿವಿ, ಯಾರದೋ ಜಗಳ, ಮಕ್ಕಳ ಕೂಗು. ಎಲ್ಲವೂ ಬೇರೆಯವರದು. ಹೋಗದಿದ್ದರೆ ಇನ್ನು ಮುಂದಿನ ಭಾನುವಾರಗಳೆಲ್ಲ ಹೀಗೇ ಎಂದು ಆಗ ಗೊತ್ತಾಯಿತು.

ಮೂರನೆಯ ಶನಿವಾರ ಹಲಗೆ ಹೊತ್ತು ರೈಲು ಹತ್ತಿದೆ. ಮೀನುಗಾರರು ಬಲೆ ಬಿಡಿಸುತ್ತಾ ಕೂತಿದ್ದರು. ಇದನ್ನಿಟ್ಟುಕೊಂಡು ಅದನ್ನು ಕೊಡಿ ಎಂದೆ.

“ಯಾವ್ದಣ್ಣ?” ಎಂದರು, ಬಲೆಯಿಂದ ಕಣ್ಣೆತ್ತದೆ. “ತರ್ಮಾಕೋಲಾ?”

“ಅದೇ.”

ಅಷ್ಟೇ ಅವರು ಆಡಿಕೊಂಡದ್ದು. ನೀಲಿ ಹಲಗೆಯನ್ನು ತಾವೇ ತಂದು ಮರಳಿನ ಮೇಲೆ ಇಟ್ಟರು, ಎಲ್ಲಿ ಎದೆ ಬರಬೇಕೋ ಅಲ್ಲಿ ಮೇಣದಲ್ಲಿ ಒಂದು ಗೆರೆ ಎಳೆದರು. ಇದು ರೈಲಿನಲ್ಲಿ ಹಿಡಿಸುವುದಿಲ್ಲ, ನನ್ನ ಶೆಡ್ಡಿನಲ್ಲೇ ಇರಲಿ ಎಂದರು.

ಬೆಳಗ್ಗೆ ನೀರಿಗಿಳಿದೆ. ಮಲಗಿದೆ. ಹಲಗೆ ಮುಳುಗಲಿಲ್ಲ, ಅಂಗಡಿಯ ಕಟ್ಟೆಯ ಮೇಲೆ ಮಲಗಿದಂತಿತ್ತು. ಒಂದು ಸಣ್ಣ ಅಲೆ ಒಡೆದು ಬಂತು, ನಾನು ಕೈಯಲ್ಲಿ ನೀರು ಎಳೆದೆ, ಅದು ಎತ್ತಿಕೊಂಡಿತು. ಯಾರೂ ತಳ್ಳಲಿಲ್ಲ. ಎದ್ದು ನಿಂತೆ, ಮರಳು ತಾಗುವವರೆಗೂ ನಿಂತೇ ಇದ್ದೆ. ತಿರುಗಿ ನೋಡಿದೆ. ಸಾಲಿನವರೆಲ್ಲ ಬೆನ್ನು ಮಾಡಿಕೊಂಡು ದೂರದಿಂದ ಬರುವ ಅಲೆಗೆ ಕಾಯುತ್ತಿದ್ದರು. ಮೀನುಗಾರರು ಯಾವುದೋ ಹುಡುಗಿಗೆ ಪಾಠ ಹೇಳುತ್ತಿದ್ದರು. ನಾನು ನಿಂತದ್ದನ್ನು ಯಾರೂ ನೋಡಲಿಲ್ಲ.

ಮತ್ತೆ ಹಲಗೆ ತಿರುಗಿಸಿದೆ. ಆಚೆಗೆ ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ತಲುಪಿ ಎದ್ದು ಕೂತಾಗ ತುದಿಯಲ್ಲಿದ್ದವರೊಬ್ಬರು ಹಲಗೆಯನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದರು. ನನ್ನ ಕಡೆ ತಿರುಗಲಿಲ್ಲ, ಏನೂ ಕೇಳಲಿಲ್ಲ. ಅವರು ನೋಡುತ್ತಿದ್ದ ಕಡೆಗೇ ನಾನೂ ನೋಡುತ್ತಾ ಕೂತೆ.

ಈಗ ನನಗಿರುವುದು ಇಷ್ಟು. ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆಗೆ ಒಂದು ಅಂಗಡಿ, ಹಿಂದೆ ಒಂದು ರೂಮು. ಎರಡು ಹೊಲಿಗೆ ಮಿಷನ್ನು, ಒಂದು ಫೋಮು ಕುಯ್ಯುವ ಕತ್ತಿ. ಒಬ್ಬ ಸ್ನೇಹಿತ. ಸಮುದ್ರದ ಪಕ್ಕ ಇನ್ನೊಬ್ಬರ ಶೆಡ್ಡಿನಲ್ಲಿ ಒಂಬತ್ತು ಅಡಿಯ ಒಂದು ನೀಲಿ ಹಲಗೆ. ತಿಂಗಳಿಗೆ ಎರಡು ಭಾನುವಾರ.