ಹಳದಿ ಹೋಗಿ ಬೂದು ಬರುವ ಹೊತ್ತು

ಬೆಳಗಿನ ಐದೂವರೆ. ಭೂವಿಜ್ಞಾನ ವಿಭಾಗದ ನೆಲಮಾಳಿಗೆಯಲ್ಲಿ ಒಂದೇ ದೀಪ. ಗಾಜಿನ ಹಲಗೆಯ ಮೇಲೆ ನೀರು, ನೀರಿನಲ್ಲಿ ಕಪ್ಪು ಉಜ್ಜುಪುಡಿ, ಅದರ ಮೇಲೆ ಸುತ್ತುತ್ತಿರುವ ಕಲ್ಲಕ್ಕನ ನಾಲ್ಕು ಬೆರಳು. ಬೆರಳಡಿ ಗಾಜಿನ ಪಟ್ಟಿಗೆ ಅಂಟಿಸಿದ ಕಲ್ಲಿನ ಬಿಲ್ಲೆ. ಸರ್ರ್ ಸದ್ದು ನುಣ್ಣಗಾಗುತ್ತಿದೆ.

ಕಲ್ಲಕ್ಕ ಎನ್ನುವುದು ವಿದ್ಯಾರ್ಥಿಗಳು ಇಟ್ಟ ಹೆಸರು. ಮೂವತ್ತೊಂದು ವರ್ಷದಿಂದ ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿಸುವುದೇ ಆಕೆಯ ಕಸುಬು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ದಿನಕ್ಕೆ ಆರು ಬಿಲ್ಲೆ, ಇದುವರೆಗೆ ನಲವತ್ತು ಸಾವಿರದ ಮೇಲೆ. ಸಂಶೋಧನಾ ಲೇಖನಗಳಲ್ಲಿ ಬಿಲ್ಲೆಗಳ ಚಿತ್ರಗಳಿವೆ, ಆಕೆಯ ಹೆಸರಿಲ್ಲ. ಹೆಬ್ಬೆಟ್ಟಿನ ಗೆರೆಗಳೂ ಸವೆದುಹೋಗಿವೆ. "ಹಾಜರಿ ಮಿಷನ್ನಿಗೆ ನಾನು ಯಾರೂ ಅಲ್ಲ. ಎಲ್ಲರಿಗಿಂತ ಮುಂಚೆ ಬಂದು ಗೈರುಹಾಜರಿ ಹಾಕಿಸ್ಕೋತೀನಿ!"

ಬೆಟ್ಟ ಹುಟ್ಟಿದ್ದನ್ನು ಆಕೆ ಅಜ್ಜಿಕತೆಯ ಧಾಟಿಯಲ್ಲಿ ಹೇಳುತ್ತಾಳೆ. "ಕೋಟಿಗಟ್ಟಲೆ ವರ್ಷದ ಹಿಂದೆ ಎರಡು ನೆಲ ಡಿಕ್ಕಿ ಹೊಡ್ಕೊಂಡ್ವಂತೆ. ಮೇಲಿನ ಕಲ್ಲು ಒಡೀತು. ಆಳದಲ್ಲಿದ್ದದ್ದು ಕಾವಿಗೆ ಒಡೀಲಿಲ್ಲ, ಕರಗಲೂ ಇಲ್ಲ. ನಾದಿದ ಹಿಟ್ಟಿನ ಹಾಗೆ ಎಳೆ ಎಳೆಯಾಗಿ ಜಗ್ಗಿಕೊಂಡು ಹರೀತು." ಆ ಹರಿವಿಗೆ ಸಿಕ್ಕ ಗಟ್ಟಿ ಹರಳುಗಳು ಉರುಳಿ, ಎರಡೂ ಕಡೆ ಬಾಲ ಎಳೆದುಕೊಂಡಿವೆ. ಬಾಲ ಬಾಗಿದ ಬಗೆ ನೋಡಿದರೆ ಯಾವ ನೆಲ ಯಾವ ಕಡೆ ಜಾರಿತೆಂದು ಗೊತ್ತಾಗುತ್ತದೆ.

ಈಗ ಬೆರಳಡಿ ಇರುವುದು ಅಂಥ ಕಲ್ಲಿನ ಕಟ್ಟಕಡೆಯ ಚೂರು. ಯಾವ ನೆಲ ಯಾವ ಕಡೆ ಜಾರಿತೆಂದು ತಿಳಿಯಲು ಪ್ರೊಫೆಸರ್ ಮೇಡಂ ಹತ್ತು ವರ್ಷ ಬೆನ್ನು ಹತ್ತಿದ ಬಂಡೆಯನ್ನು ರಸ್ತೆ ಮಾಡುವವರು ಸಿಡಿಸಿದ್ದಾರೆ. ತಂದಿಟ್ಟ ತುಂಡುಗಳೆಲ್ಲ ಬೇರೆ ಪರೀಕ್ಷೆಗಳಲ್ಲಿ ಪುಡಿಯಾಗಿವೆ.

ಎಷ್ಟು ಉಜ್ಜಬೇಕೆಂದು ಹೇಳುವುದು ಬಣ್ಣ. ಸೂಕ್ಷ್ಮದರ್ಶಕದಲ್ಲಿ ಬೆಣಚುಕಲ್ಲಿನ ಕಣ ಹಳದಿ ಕಂಡರೆ ಇನ್ನೂ ದಪ್ಪ, ಬೂದುಬಣ್ಣಕ್ಕೆ ತಿರುಗಿದರೆ ನಿಲ್ಲಿಸಬೇಕು. "ಆಮೇಲೆ ನಾಲ್ಕು ಸುತ್ತು ಜಾಸ್ತಿಯಾದ್ರೂ ಕಪ್ಪಾಗಿ, ಕಲ್ಲೇ ಮಾಯ."

ಆರು ತಿಂಗಳಿಂದ ಆಕೆಯ ಕಣ್ಣಿನಲ್ಲಿ ಪೊರೆ. ಮನೆಯಲ್ಲಿ ತಂಗಿ ರೇಗುತ್ತಾಳೆ: "ಬಿಳೀ ಹೊದಿಕೆ ಹಳದಿಯಾಗಿದೆ ಅಂತ ಮೂರು ಸಲ ಒಗೆದೆಯಲ್ಲೇ ಅಕ್ಕ, ಮೊದ್ಲು ಆ ಕಣ್ಣು ತೋರಿಸು!" "ಇದೊಂದು ಚೂರು ಮುಗೀಲಿ ಬಿಡೇ," ಎಂದು ಅಕ್ಕ ಮಾತು ತೇಲಿಸಿಬಿಟ್ಟಿದ್ದಾಳೆ. ರಜೆ ಹಾಕಿದರೆ ಅದು ಬೇರೆಯವರ ಕೈಗೆ ಹೋಗುತ್ತದೆ. ಹಾಗಾಗಿ ಮೇಡಂಗೂ ಹೇಳಿಲ್ಲ.

ನೋಡುತ್ತಾಳೆ. ಹಳದಿ. ಉಜ್ಜುತ್ತಾಳೆ. ಮತ್ತೆ ನೋಡುತ್ತಾಳೆ. ಹಳದಿಯೇ. ಬೆರಳು ಅರೆಗಳಿಗೆ ತಡೆಯುತ್ತದೆ, ಮತ್ತೆ ಸುತ್ತತೊಡಗುತ್ತದೆ. ಹೀಗೆ ಮೂರು ಸಲ.

ಎಂಟಕ್ಕೆ ಬಂದ ಮೇಡಂ ಸೂಕ್ಷ್ಮದರ್ಶಕಕ್ಕಿಟ್ಟ ಕಣ್ಣನ್ನು ತುಂಬ ಹೊತ್ತು ಎತ್ತುವುದಿಲ್ಲ.

"ಅಕ್ಕಾ... ಇಲ್ಲಿ ಬರೀ ಅಂಟು ಇದೆ."

"ಹಳದಿ ಇತ್ತಲ್ಲ ಮೇಡಂ?"

"ಎಲ್ಲಿ ಹಳದಿ? ಅಂಚಲ್ಲಿ ಎರಡು ಕಣ ಉಳಿದಿದೆ, ಅದೂ ಕಪ್ಪು. ಹರಳಿಲ್ಲ, ಬಾಲ ಇಲ್ಲ."

ಆಗ ಪೊರೆಯ ಮಾತು ಹೊರಬೀಳುತ್ತದೆ. ಮೇಡಂ ಬೈಯುವುದಿಲ್ಲ; ಬೈದಿದ್ದರೇ ಚೆನ್ನಾಗಿತ್ತು.

"ಆಪರೇಷನ್ ಮಾಡಿಸಿದ್ರೆ ಕಣ್ಣು ಸರಿಹೋಗುತ್ತೆ ಬಿಡಿ ಅಕ್ಕ."

"ಕಣ್ಣು ಬರುತ್ತೆ ಮೇಡಂ. ಆ ಕಲ್ಲು ಎಲ್ಲಿಂದ ಬರುತ್ತೆ?"

ಹತ್ತು ವರ್ಷದ ಪ್ರಶ್ನೆ ತೊಟ್ಟಿಯಲ್ಲಿ ಬೂದು ನೀರಾಗಿ ನಿಂತಿದೆ. ಮೇಡಂ ಬಿಲ್ಲೆಗಳ ಪುಸ್ತಕ ತೆರೆದು, ನಂಬರಿನ ಎದುರು 'ಹಾಳಾಯಿತು' ಎಂದು ಬರೆದು, ಕಾರಣದ ಜಾಗದಲ್ಲಿ ಪೆನ್ನು ನಿಲ್ಲಿಸುತ್ತಾರೆ.

"ಕಣ್ಣಿನ ತಪ್ಪು ಅಂತ ಬರೀರಿ," ಎನ್ನುತ್ತಾಳೆ ಕಲ್ಲಕ್ಕ, ಕೈ ತೊಳೆಯುತ್ತ. "ಬೆರಳು ಮೂರು ಸಲ ಸಾಕು ಅಂದಿತ್ತು ಮೇಡಂ. ನಾನೇ ಕೇಳಲಿಲ್ಲ."